ಏಳನೇ ಸೂಚನೆ

"ಬೇಡಮ್ಮ" ಎಂದರು ಯೋರ್ಗನ್ ಸಾಹೇಬರು, ಎರಡನೇ ಸಲ.

ಕೋಸಂಬರಿ ಬಟ್ಟಲು ಹಿಡಿದು ಬಗ್ಗಿದ್ದ ಜಯದೇವಿ ನೆಟ್ಟಗಾಗಿ, ಬಂದ ದಾರಿಯಲ್ಲೇ ಅಡುಗೆಮನೆಗೆ ನಡೆದಳು. ಇದಕ್ಕೆ ಮುಂಚೆ ಪಲ್ಯ ಹೀಗೇ ಹಿಂದಿರುಗಿತ್ತು, ಚಿತ್ರಾನ್ನವೂ ಹಿಂದಿರುಗಿತ್ತು. ಅಷ್ಟುದ್ದದ ಬಾಳೆ ಎಲೆಯ ಮೇಲೆ ಉಳಿದಿದ್ದು ಚಿಟಿಕೆ ಉಪ್ಪು, ಒಂದು ಹೋಳು ಉಪ್ಪಿನಕಾಯಿ. ಅವೂ ಯಾರನ್ನೂ ಕೇಳದೆ ಮೊದಲೇ ಬಡಿಸಿಟ್ಟಿದ್ದಕ್ಕೆ ಬಚಾವಾಗಿದ್ದವು. ಎಲೆಯ ಮುಂದೆ ಆರೂಕಾಲಡಿಯ ಸಾಹೇಬರು, ವಿಜಯನಗರದ ಆ ಪುಟ್ಟ ನಡುಮನೆಯಲ್ಲಿ ಮಂಡಿ ಎಲ್ಲಿಡುವುದೆಂದು ತಿಳಿಯದೆ ಕಿವಿಯ ಹತ್ತಿರ ಇಟ್ಟುಕೊಂಡು ಕೂತಿದ್ದರು.

ಪಕ್ಕದ ಎಲೆಯಲ್ಲಿ ಕೂತಿದ್ದ ಅವಳ ಗಂಡ ಶಿವಬಸಪ್ಪ ಚಿತ್ರಾನ್ನ ಕಲಸಿದ್ದನ್ನೇ ಕಲಸುತ್ತಿದ್ದ. ಅವನು ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಟೈಪಿಸ್ಟು. ಹೊಸ ಯಂತ್ರ ಕೂರಿಸಲು ಡೆನ್ಮಾರ್ಕಿನಿಂದ ಇಂಜಿನಿಯರುಗಳು ಬರುತ್ತಾರೆ, ನಮ್ಮ ದೇಶದ ಬಗ್ಗೆ ಒಂದು ಪುಟ ಬರೆದುಕೊಡಿ ಎಂದು ಮ್ಯಾನೇಜರು ಹೇಳಿದ್ದಕ್ಕೆ, ಇಂಗ್ಲಿಷಿನಲ್ಲಿ ಹನ್ನೊಂದು ಪುಟ ಕುಟ್ಟಿದ್ದ. 'ಉಷ್ಣದೇಶಕ್ಕೆ ಬರುವವರಿಗೆ ಸೂಚನೆಗಳು.' ಹಸು ರಸ್ತೆಗೆ ಅಡ್ಡ ಮಲಗಿದ್ದರೆ ಹಾರನ್ ಹೊಡೆಯಬೇಡಿ, ಅದು ಏಳುವುದಿಲ್ಲ, ನೀವೇ ಸುತ್ತಿಕೊಂಡು ಹೋಗಿ. 'ಎಲ್ಲಿಗೆ ಹೊರಟ್ರಿ?' ಎಂದು ದಾರಿಯಲ್ಲಿ ಕೇಳಿದವರಿಗೆ ವಿಳಾಸ ಕೊಡಬೇಕಿಲ್ಲ, 'ಇಲ್ಲೇ' ಅಂದರೆ ಸಾಕು. ಮಟಮಟ ಮಧ್ಯಾಹ್ನ ಟೋಪಿಯಿಲ್ಲದೆ ತಿರುಗಬೇಡಿ, ಕಂಡವರು ಕರೆದು ಮಜ್ಜಿಗೆ ಕುಡಿಸಿ ನಿಮ್ಮ ಸಂಸಾರದ ವಿಷಯವೆಲ್ಲ ಕೇಳುತ್ತಾರೆ, ಕೆಲಸಕ್ಕೆ ತಡವಾಗುತ್ತದೆ. ಹೀಗೆ. ಮೊದಲು ಬಂದಿಳಿದ ಯೋರ್ಗನ್ ಅದನ್ನು ಮೂರು ಸಲ ಓದಿ, ಮಡಿಚಿ, ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದರು. "ಭಾನುವಾರ ಮನೆಗೆ ಊಟಕ್ಕೆ ಕರೀರಿ, ಶಿವಬಸಪ್ಪ. ಅವರು ಭೇಷ್ ಅಂದ್ರೆ ಅಚ್ಚು ಹಾಕಿಸಿಬಿಡೋಣ. ಮೇಲ್ಗಡೆ ನಿಮ್ಮ ಹೆಸರು" ಎಂದಿದ್ದರು ಮ್ಯಾನೇಜರು. ಹದಿನೈದು ವರ್ಷ ಬೇರೆಯವರ ಹೆಸರು ಟೈಪು ಮಾಡಿದ ಶಿವಬಸಪ್ಪ ಆವತ್ತಿನಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

"ಒಂದ್ನಿಮಿಷ" ಎಂದು ಎಂಜಲುಗೈಯಲ್ಲೇ ಎದ್ದು ಅವನು ಅಡುಗೆಮನೆಗೆ ಬಂದ.

"ಏನೇ, ಖಾರ ಜಾಸ್ತಿ ಹಾಕಿದ್ಯಾ?"

"ಬಾಯಿಗಿಟ್ಟಿದ್ರಲ್ವೇನ್ರೀ ಖಾರ ಗೊತ್ತಾಗೋದು! ಎರಡೆರಡು ಸಲ ಕೇಳ್ದೆ. ಬೇಡಮ್ಮ, ಬೇಡಮ್ಮ. ಆ ಒಂದು ಮಾತು ಮಾತ್ರ ಯಾರು ಕಲ್ಸಿದ್ರೋ. ಇನ್ನೊಂದ್ಸಲ ಕೇಳ್ಲಾ?"

"ಬೇಡ್ವೇ ಬೇಡ! ಮೂರು ದಿನದಿಂದ ಏನು ಹೇಳಿಕೊಟ್ಟಿದ್ದೀನಿ ನಿನಗೆ? ಅವರ ಕಡೆ ಬೇಡ ಅಂದ್ರೆ ಬೇಡ. ಬಲವಂತ ಮಾಡಿದ್ರೆ ಅವಮಾನ ಅಂದ್ಕೋತಾರೆ."

"ಹೊಟ್ಟೆ ಗುರುಗುಟ್ಟಿದ್ದು ಇಲ್ಲೀವರೆಗೂ ಕೇಳಿಸ್ತು ಕಣ್ರೀ."

"ಅದು ಅವರ ದೇಶದ ಹೊಟ್ಟೆ, ಹಾಗೇ ಇರುತ್ತೆ. ನೀನು ಹೋಳಿಗೆ ತಗೊಂಡು ಬಾ."

ಹೋಳಿಗೆ ಬಂತು. ತುಪ್ಪದ ಘಮ ನಡುಮನೆಯಲ್ಲಿ ಒಂದು ಸುತ್ತು ಹೊಡೆಯಿತು. ಸಾಹೇಬರ ಮೂಗು ಅದರ ಹಿಂದೆಯೇ ತಿರುಗಿತು. ಜಯದೇವಿ ಬಗ್ಗಿ "ಹಾಕ್ಲಾ?" ಎಂದಳು. "ಬೇಡಮ್ಮ." "ಒಂದೇ ಒಂದು?" ಸಾಹೇಬರು ಉಗುಳು ನುಂಗಿಕೊಂಡರು. "ಬೇಡಮ್ಮ" ಎಂದವರು ತಲೆಯೆತ್ತಿ, ಕಂಠಪಾಠ ಒಪ್ಪಿಸಿ ಮೇಷ್ಟರ ಮುಖ ನೋಡುವ ಮಗುವಿನ ಹಾಗೆ ಅವಳನ್ನೇ ನೋಡುತ್ತಾ ಕೂತರು. ಶಿವಬಸಪ್ಪ ಹೆಂಡತಿಗೆ ಕಣ್ಣಲ್ಲೇ 'ತಗೊಂಡು ಹೋಗು' ಎಂದ. ತಟ್ಟೆ ಹೊರಟಿತು. ಸಾಹೇಬರ ನೀಲಿ ಕಣ್ಣುಗಳು ಅದನ್ನು ಅಡುಗೆಮನೆ ಹೊಸಲಿನವರೆಗೂ ಕಳಿಸಿಕೊಡಲು ಹೋದವು.

ಹೊಸಲಿನಲ್ಲಿ ತಟ್ಟೆ ನಿಂತಿತು. ಮಾರೇನಹಳ್ಳಿಯಿಂದ ದಿನಾ ಹಾಲು ತರುವ ಅಕ್ಕಯ್ಯಮ್ಮ ಹಿತ್ತಲ ಬಾಗಿಲಿಂದ ಒಳಗೆ ಬಂದು, ಚೊಂಬು ಕೆಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು.

"ಇದೇನವ್ವಾ ಜಯದೇವಿ, ಮನೆಗೆ ಬಂದ ಮನ್ಸನ್ನ ಬರೀ ಎಲೆ ಮುಂದೆ ಕೂರಿಸ್ಕೊಂಡು ಪೂಜೆ ಮಾಡ್ತಿದ್ದೀರಾ?"

"ಎರಡು ಸಲ ಕೇಳಿದ್ವಿ ಅಕ್ಕಯ್ಯಮ್ಮ. ಬೇಡ ಅಂದ್ರು."

"ನಾಚ್ಕೆ ಕಣವ್ವಾ ಅದಕ್ಕೆ! ಪಾಪ, ತಾಯಿ ಎಲ್ಲವ್ಳೋ ಏನೋ" ಎಂದವಳೇ ತಟ್ಟೆ ಕಿತ್ತುಕೊಂಡು ಸಾಹೇಬರ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಹಾಕ್ಸಿಕೊಳ್ಳಪ್ಪಾ."

ಸಾಹೇಬರ ಮುಖ ಬೆಳಗಾದ ಹಾಗೆ ಅರಳಿತು. ಶಿವಬಸಪ್ಪನ ಕಡೆ ತಿರುಗಿ ಮೂರು ಬೆರಳೆತ್ತಿ ತೋರಿಸಿದರು. ಆಮೇಲೆ ಜೇಬಿನಿಂದ ಮಡಿಚಿದ ಕಾಗದ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. ಶಿವಬಸಪ್ಪ ತಾನೇ ಕುಟ್ಟಿದ ಅಕ್ಷರಗಳನ್ನು ತಾನೇ ಓದಿಕೊಂಡ.

'ಸೂಚನೆ ಏಳು. ಕೇಳಿದ ಕೂಡಲೇ ಹಾಕಿಸಿಕೊಂಡರೆ ಹೊಟ್ಟೆಬಾಕ ಎನ್ನುತ್ತಾರೆ. ಎರಡು ಸಲ "ಬೇಡಮ್ಮ" ಎನ್ನಿ. ಹೆದರಬೇಡಿ, ನಮ್ಮ ದೇಶದಲ್ಲಿ ಮೂರನೇ ಸಲ ಕೇಳದ ಮನೆಯೇ ಇಲ್ಲ.'

"ಏನ್ರೀ ಬರೆದಿದೆ ಅದರಲ್ಲಿ?" ಎಂದಳು ಜಯದೇವಿ. ಅವನು ಕನ್ನಡ ಮಾಡಿ ಹೇಳಿದ. ಅವಳು ಗಂಡನನ್ನು ಒಂದು ಕ್ಷಣ ನೋಡಿ, ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು. ಪಲ್ಯ, ಕೋಸಂಬರಿ, ಚಿತ್ರಾನ್ನ ಎಲ್ಲ ಸಾಲಾಗಿ ಮತ್ತೆ ಹೊರಟು ಬಂದವು.

ಆರನೇ ಹೋಳಿಗೆ ಮುಗಿಸಿದ ಸಾಹೇಬರು ತಮ್ಮ ಇಂಗ್ಲಿಷಿನಲ್ಲಿ, "ನಿಮ್ಮ ಪುಸ್ತಕ ಬಹಳ ಸರಿಯಾಗಿದೆ. ಅಚ್ಚಾಗಲೇಬೇಕು. ಒಂದು ಪ್ರತಿ ನಿಮ್ಮ ಮನೆಗೂ ಇಟ್ಟುಕೊಳ್ಳಿ" ಎಂದರು. ಶಿವಬಸಪ್ಪ ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಸ್ವಲ್ಪಸ್ವಲ್ಪ ಮಾಡಿದ.

ಅಷ್ಟರಲ್ಲಿ ಅಕ್ಕಯ್ಯಮ್ಮ ಏಳನೆಯದನ್ನು ಎತ್ತಿದ್ದಳು. ಸಾಹೇಬರು ಗಾಬರಿಯಾಗಿ ಎಂಟನೇ ಸೂಚನೆ ನೆನೆಸಿಕೊಂಡು, ನಿಜವಾಗಿಯೂ ಸಾಕಾದಾಗ ಮಾಡಬೇಕಾದ ಹಾಗೆ, ಎರಡೂ ಅಂಗೈ ಅಗಲಿಸಿ ಎಲೆಯನ್ನು ಮುಚ್ಚಿದರು.

ಯಾವ ಸೂಚನೆಯನ್ನೂ ಓದದ ಅಕ್ಕಯ್ಯಮ್ಮ, ಬಿಸಿಬಿಸಿ ಹೋಳಿಗೆಯನ್ನು ಆ ಬಿಳಿಗೈಗಳ ಮೇಲೇ ಹರಡಿ, ಮೇಲೊಂದು ಮಿಳ್ಳೆ ತುಪ್ಪ ಸುರಿದಳು.