ಕಾಟಾದ ಮೇಲಿನ ಮನೆ

ಲಾರಿ ತೂಗುವ ಕಾಟಾದ ಮೇಲೆ ಗಾಲಿಯ ಮನೆ ತೊಟ್ಟಿಲಿನಂತೆ ತುಸು ಅಲುಗಿ ನಿಂತಿತು. ಹಾಸಿಗೆ, ಒಲೆ, ಪರದೆ ಎಲ್ಲ ಇದ್ದ ವ್ಯಾನು.

“ತೂಕ ಕಾಗದದಾಗ ಇದ್ದದ್ದಕಿಂತ ಇನ್ನೂ ಜಾಸ್ತಿ ಐತ್ರಿ,” ಎಂದ ಕಾಟಾದವನು.

ನೀರಿನ ಡ್ರಮ್ಮು, ರುಬ್ಬುವ ಕಲ್ಲು ಆಗಲೇ ಇಳಿದಿದ್ದವು. ಉಳಿದದ್ದು ದ್ರಾಕ್ಷಾಯಣಿಯ ಅವ್ವನ ಮಗ್ಗ. ಅದನ್ನು ಊರೂರಿಗೆ ಒಯ್ದು ನೇಯಬೇಕೆಂದೇ ಅವಳು ವ್ಯಾನು ಓಡಿಸಲು ಕಲಿತದ್ದು. ಸೀಟಿನಿಂದ ಹಿಂದಕ್ಕೆ ಸರಿದು ಮಗ್ಗದ ಹಗ್ಗಕ್ಕೆ ಕೈ ಹಾಕಿದಳು; ಬೆರಳುಗಳು ಗಂಟು ಬಿಚ್ಚಲೊಲ್ಲವು. ಆಗ ಪಕ್ಕದ ಸೀಟಿನಲ್ಲಿದ್ದ ಅವಳ ಗಂಡ, ದುಂಡು ಹೊಟ್ಟೆಯ ಗೋಪಣ್ಣ, ಬಾಗಿಲು ತೆರೆದು ನೆಲಕ್ಕಿಳಿದ.

“ಈಗ ಸರಿ ಆತ್ರಿ,” ಎಂದ ಕಾಟಾದವನು.

“ಲೈಸೆನ್ಸ್ ನಿಂದೈತಿ, ನಡಿ. ನಾ ಬಸ್ಸಿಗೆ ಬರ್ತೀನಿ,” ಎಂದ ಗೋಪಣ್ಣ.

ಲಕ್ಷ್ಮೇಶ್ವರದ ದಾರಿಯುದ್ದಕ್ಕೂ ಕನ್ನಡಿಯೊಳಗೆ ಅವನಿದ್ದ ಕೆಂಪು ಬಸ್ಸು ಬಿಸಿಲಿನ ಮೇಲೆ ತೇಲುತ್ತ ಬಂತು. ಬಸ್ಸಿನವ ಎಷ್ಟು ಹಾರ್ನ್ ಹೊಡೆದರೂ, ಕನ್ನಡಿಯಿಂದ ಮರೆಯಾದೀತೆಂದು, ಅವಳು ಅದಕ್ಕೆ ಮುಂದೆ ಹೋಗಲು ದಾರಿ ಬಿಡಲಿಲ್ಲ.