ಹಲಗೆಯ ಮೇಲಿನ ಹ್ಯೋಬು

"ಬಾಗಿಲು ತೆಗೀಬೇಡಿ!"

ಅಂಗಡಿಯ ಒಡತಿ ಒತ್ಸುನೆ ಕೂಗಿದ ರಭಸಕ್ಕೆ ಕೆತ್ತನೆಗಾರ ತೊಮೆಕಿಚಿಯ ಕೈಲಿದ್ದ ಚಹಾ ಚೆಲ್ಲಿತು. ಹೊರಗೆ ಎದೊ ಪಟ್ಟಣದ ಅರ್ಧ ಜನ ಹೊಸ ಚಿತ್ರಕ್ಕಾಗಿ ಕದ ಬಡಿಯುತ್ತಿದ್ದರು. ಸೇತುವೆಯ ಮೇಲೆ ಒಬ್ಬನೇ ನಿಂತು ಕಾದಾಡಿ ಸತ್ತ ಸಮುರಾಯ್ ಇವಾಕಿ ಹ್ಯೋಬುವಿನ ಚಿತ್ರ ಅದು. ಇದ್ದಬದ್ದದ್ದನ್ನೆಲ್ಲ ಸುರಿದು ಒತ್ಸುನೆ ಅದನ್ನು ಮರದ ಹಲಗೆಯಲ್ಲಿ ಕೆತ್ತಿಸಿ ಅಚ್ಚು ಹಾಕಿಸಿದ್ದಳು. ಹಾಳೆಗಳು ಅಟ್ಟದ ತುಂಬ ಒಣಗುತ್ತಿದ್ದವು.

"ಕೊರಳು ನೋಡಿ ಮೇಷ್ಟ್ರೇ, ಕೊರಳು!" ಎಂದು ಒಂದು ಹಾಳೆಯನ್ನು ಚಿತ್ರಗಾರ ರಾಕುಸೆನ್‌ನ ಮೂಗಿಗೆ ಹಿಡಿದಳು.

ರಾಕುಸೆನ್ ಬಿಳಿಚಿಕೊಂಡ. ಅಂಗಿಯ ಬಲ ಮಗ್ಗುಲು ಎಡದ ಮೇಲೆ ಬಂದಿತ್ತು. ಹಾಗೆ ಉಡಿಸುವುದು ಹೆಣಕ್ಕೆ ಮಾತ್ರ.

"ಯಾರನ್ನ ನೋಡ್ಕೊಂಡು ಬರೆದ್ರಿ?"

"ನನ್ನನ್ನೇ. ಕೂರೋಕೆ ಆಳು ಸಿಗ್ಲಿಲ್ಲ. ನಾನೇ ವೇಷ ಹಾಕ್ಕೊಂಡು... ಕನ್ನಡಿ ಮುಂದೆ ಕೂತೆ."

"ಕನ್ನಡಿ! ಅದರಲ್ಲಿ ಎಡ ಬಲ ಆಗುತ್ತಲ್ರೀ! ಮನೆ ಗೋಡೆಗೆ ಹೆಣ ಅಂಟಿಸ್ಕೊಳ್ಳಿ ಅಂತ ಮಾರ್ಲಾ ನಾನು? ಅಂಗಡಿಗೆ ಬೆಂಕಿ ಇಡ್ತಾರೆ! ತೊಮೆಕಿಚಿ, ನಿನ್ನ ಕಣ್ಣು ಎಲ್ಲಿ ಮೇಯೋಕೆ ಹೋಗಿತ್ತೋ?"

"ಅಮ್ಮಾವ್ರೇ, ಚಿತ್ರಾನ ಹಲಗೆ ಮೇಲೆ ಬೋರಲು ಅಂಟಿಸಿ ಕೆತ್ತೋನು ನಾನು. ಅಲ್ಲಿ ಎಲ್ಲಾ ತಿರುಗುಮುರುಗು. ನನಗೆ ದಿನಾ ಎಲ್ರೂ ಹೆಣದ ಥರಾನೇ ಕಾಣ್ತಾರೆ. ಇವನೊಬ್ಬ ನೆಟ್ಟಗೆ ಉಟ್ಕೊಂಡಿದ್ದ. ಎಷ್ಟು ಲಕ್ಷಣವಾಗಿದಾನೆ ಅಂತ ಖುಷಿಪಟ್ಟೆ!"

ಅಷ್ಟರಲ್ಲಿ ಅಗುಳಿ ಕಿತ್ತು ಬಂತು. ಜನ ನುಗ್ಗಿದರು. ಮುಂದಿದ್ದ ಮೀನು ಮಾರುವವನು ಒತ್ಸುನೆಯ ಕೈಯಿಂದ ಹಾಳೆ ಕಿತ್ತುಕೊಂಡವನೇ ಬಾಯಿ ತೆರೆದು ನಿಂತ.

"ಇದೇನಿದು, ಹೆಣದ ಉಡುಗೆ?"

ಹಿಂದಿದ್ದವರು ಕತ್ತು ಚಾಚಿದರು. ಒತ್ಸುನೆ ಸೊಂಟಕ್ಕೆ ಕೈಯಿಟ್ಟಳು.

"ಹೂಂ ಮತ್ತೆ! ಆ ಸೇತುವೆಗೆ ಹೊರಟೋನು ವಾಪಸ್ ಬರ್ತೀನಿ ಅಂತ ಹೊರಟಿದ್ನಾ? ತನ್ನ ಹೆಣಾನ ತಾನೇ ಸಿಂಗರಿಸ್ಕೊಂಡು ಹೋದ ಗಂಡಸು ಕಣ್ರಯ್ಯಾ!"

ಮೀನಿನವನ ಕಣ್ಣು ತುಂಬಿತು. ಮರುಕ್ಷಣ ಸೂರು ಹಾರಿಹೋಗುವಂಥ ಕೇಕೆ. "ನನಗೊಂದು!" "ನನಗೆರಡು!" ಅನ್ನ ಬೇಯುವಷ್ಟರಲ್ಲಿ ಅಟ್ಟ ಬರಿದಾಯಿತು. ಮೊದಲಿಂದಲೂ ತನ್ನ ತಲೆಯಲ್ಲಿದ್ದದ್ದು ಇದೇ ಎಂದು ರಾಕುಸೆನ್ ಆಗಲೇ ಸಿಕ್ಕವರಿಗೆಲ್ಲ ವಿವರಿಸುತ್ತಿದ್ದ.

"ಹಲಗೆ ತಗೊಂಬಾ, ಇನ್ನಷ್ಟು ಒತ್ತಿಸ್ಬೇಕು!" ಒತ್ಸುನೆ ಸಂಭ್ರಮದಿಂದ ಕೂಗಿದಳು.

ತೊಮೆಕಿಚಿ ಹಲಗೆಯನ್ನು ಎದೆಗವಚಿಕೊಂಡು ಬಂದ. ಅದರಲ್ಲಿ ನೆಟ್ಟಗೆ ಉಟ್ಟು ನಿಂತಿದ್ದ ಹ್ಯೋಬುವಿನ ಕೊರಳಿಗೆ ಮೆತ್ತಿದ್ದ ಮಸಿಯನ್ನು ಹೆಬ್ಬೆರಳಿನಿಂದ ಒರೆಸಿದ.

"ಮೆಲ್ಲಗೆ ಅಮ್ಮಾವ್ರೇ. ಇಡೀ ಊರಲ್ಲಿ ಇವನಿನ್ನೂ ಬದುಕಿರೋದು ಇದೊಂದೇ ಕಡೆ."