ಹಂಚಿನ ಮೇಲಿನ ಮಿಶ್ರಿ

ಬೀಡಿ ಸೇದುವವರ ಪಕ್ಕ ಕೂತರೆ ಇವತ್ತಿಗೂ ನನ್ನ ಬಾಯಿ ತಾನಾಗಿಯೇ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ.

ನಿಪ್ಪಾಣಿಯ ನಮ್ಮ ಅಡಿಗೆಮನೆಯಲ್ಲಿ ರೊಟ್ಟಿ ಬಡಿದು ಮುಗಿದ ಮೇಲೆ ಆಯಿ, ಅಂದರೆ ಅಪ್ಪನ ತಾಯಿ, ಅದೇ ಹಂಚಿನ ಮೇಲೆ ತಂಬಾಕನ್ನು ಕರ್ರಗೆ ಹುರಿದು ಪುಡಿ ಮಾಡುತ್ತಿದ್ದಳು. ಅದೇ ಮಿಶ್ರಿ. ಮನೆಯ ಹೆಂಗಸರೆಲ್ಲ ಹಲ್ಲು ತಿಕ್ಕುತ್ತಿದ್ದದ್ದು ಅದರಿಂದಲೇ.

ಆ ಮಧ್ಯಾಹ್ನ ಅವ್ವ ಚಿಕ್ಕೋಡಿಯ ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಬಂದಿದ್ದಳು. ಅವಳ ವಸಡು ಉಬ್ಬಿ, ರೊಟ್ಟಿ ಕಡಿದರೆ ತುತ್ತಿಗೆ ರಕ್ತ ಹತ್ತುತ್ತಿತ್ತು.

"ಮಿಶ್ರಿ ಬಿಡಬೇಕಂತ್ರಿ ಅತ್ತಿ. ಹಲ್ಲಿಗೆ ಕಟ್ಟಿದ ಕಲ್ಲು ತಗದ್ರ ವಸಡು ಗಟ್ಟಿ ಆಗತಾವಂತ. ಮುಂದಿನ ವಾರ ಬಾ ಅಂದಾರ."

"ಕೆರದು ತಗದ್ರ ಹಲ್ಲು ಅಳ್ಳಾಡೂದಿಲ್ಲೇನ? ಇದನ್ನ ಹಚ್ಚಿದ್ರ ನೋವು ನಿಲ್ಲತೈತಿಲ್ಲ? ಬಾಯಿ ತಗಿ," ಅಂದಳು ಆಯಿ. ಅವಳ ಬಾಯಲ್ಲಿ ಒಂದೂ ಹಲ್ಲಿರಲಿಲ್ಲ.

ಉಣ್ಣುತ್ತ ಕೂತಿದ್ದ ಅಪ್ಪ ಮತ್ತೊಂದು ರೊಟ್ಟಿ ಮುರಿದ. ಬಾಯಿ ನಾರತೈತಿ ಅಂತ ಅವ್ವನ ಹಾಸಿಗೆ ಬೇರೆ ಮಾಡಿಸಿದವನೂ ಅವನೇ.

ಅವ್ವ ಬಾಯಿ ತೆರೆದಳು. ಆಯಿ ಬೆರಳಿನ ತುಂಬ ಮಿಶ್ರಿ ತಗೊಂಡು ಹುಣ್ಣಾದ ವಸಡಿಗೆ ತಿಕ್ಕಿದಳು. ಅವ್ವನ ಕಣ್ಣಿಂದ ನೀರು ಇಳಿಯಿತು.

"ಉರಿ ಹೋತಿಲ್ಲ?" ಅಂದ ಆಯಿ ಅದೇ ಬೆರಳನ್ನು ನನ್ನ ಕಡೆ ಚಾಚಿದಳು. "ಬಾ ತಂಗಿ, ನೀನೂ ರೂಢಿ ಮಾಡ್ಕೋ. ನಾಳೆ ಗಂಡನ ಮನ್ಯಾಗ ಹಲ್ಲಬ್ಯಾನಿ ಅಂತ ಅಳಬಾರದು."

ನಾನು ಬಾಯಿ ತೆರೆದೆ.

ಬಾಯಿ ತುಂಬ ಕಪ್ಪು ನೀರು ತುಂಬಿದ್ದ ಅವ್ವನಿಗೆ ಮಾತಾಡಲು ಆಗಲಿಲ್ಲ. ಕೈ ಚಾಚಿ ನನ್ನ ಬಾಯಿ ಮುಚ್ಚಿದಳು. ತುಟಿ ಹಲ್ಲಿಗೆ ಒತ್ತಿ ನೋಯುವಷ್ಟು ಗಟ್ಟಿಯಾಗಿ ಮುಚ್ಚಿದಳು, ಆಯಿ ಮಿಶ್ರಿಯ ಡಬ್ಬಿಗೆ ಮುಚ್ಚಳ ಹಾಕುವ ತನಕ.